ಅರ್ಧ ಮಿಲಿಬಾರಿನ ದಿಬ್ಬ

ಕಡಲಿಗೆ ಹೊರಟವನಿಗೆ ಗಾಳಿ ಯಾವಾಗ ಏಳುತ್ತದೆಂದು ನಿಮಿಷದ ಲೆಕ್ಕದಲ್ಲಿ ಮೊದಲೇ ಗೊತ್ತಾಗುವಂತಿದ್ದರೆ ಏನಾಗುತ್ತಿತ್ತು? ಮುಳ್ಳುಕೋಡಿಯಲ್ಲಿ ಆದದ್ದು ಇಷ್ಟು: ಮೊದಲ ವರ್ಷ ಯಾರೂ ನಂಬಲಿಲ್ಲ. ಎರಡನೆಯ ವರ್ಷ ಎಲ್ಲರೂ ನಂಬಿದರು. ಮೂರನೆಯ ವರ್ಷದಿಂದ ಆಕಾಶ ನೋಡುವುದನ್ನೇ ಬಿಟ್ಟರು.

ಮುಳ್ಳುಕೋಡಿ ಕುಂದಾಪುರದ ಕಡೆಯ ಒಂದು ಮರಳಿನ ನಾಲಿಗೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಹೊಳೆ, ನಡುವೆ ಒಂಬೈನೂರು ಜನ. ಆಚೆ ದಡಕ್ಕೆ ಹೋಗಲು ಇಬ್ಬರು ಒಟ್ಟಿಗೆ ನಡೆಯಲಾರದಷ್ಟು ಕಿರಿದಾದ ಒಂದು ಕಾಲುಸಂಕ, ಜೊತೆಗೊಂದು ಬಾರ್ಜು. ಇಲ್ಲಿನ ಬಂದರಿನ ಇನ್ನೂರ ಹದಿನಾಲ್ಕು ಬೋಟುಗಳ ಕಂಬದ ತುದಿಯಲ್ಲೂ ತೆಂಗಿನಕಾಯಿ ಗಾತ್ರದ ಒಂದೊಂದು ಹಳದಿ ಡಬ್ಬಿಯಿತ್ತು. ಗಾಳಿಯ ಒತ್ತಡ, ನೀರಿನ ಬಿಸಿ, ಅಲೆಯ ಕುಲುಕಾಟ ಇಷ್ಟನ್ನೂ ಅಳೆದು ಹತ್ತು ನಿಮಿಷಕ್ಕೊಮ್ಮೆ ಅದು ಆಚೆ ದಡದ ಗುಡ್ಡದ ಮೇಲಿನ ಹವಾಮಾನ ಕೇಂದ್ರಕ್ಕೆ ಕಳಿಸುತ್ತಿತ್ತು. ಜನರ ಬಾಯಲ್ಲಿ ಅದು ಗಾಳಿಡಬ್ಬಿ. ಆ ಡಬ್ಬಿಗಳ ಅಂಕಿಗಳನ್ನೆಲ್ಲ ನುಂಗಿ, ಕಡಲನ್ನು ಗೇಣುಗೇಣಾಗಿ ಲೆಕ್ಕಹಾಕಿ ಮುಂದಾಗುವುದನ್ನು ಹೇಳುತ್ತಿದ್ದ ಗಣಕಕ್ಕೆ ಮುದುಕನ ದನಿ ಕೊಟ್ಟಿದ್ದರು. ಹಾಗಾಗಿ ಅದು ಅಜ್ಜಯ್ಯ ಆಯಿತು.

ಅಜ್ಜಯ್ಯ ಮೂರು ಹತ್ತಕ್ಕೆ ಮಳೆ ಎಂದರೆ ಒಣಮೀನು ಹರವಿದ ಹೆಂಗಸರು ಮೂರು ಐದಕ್ಕೆ ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಮಳೆಗೆ ಮುಂಚೆ ಎಷ್ಟು ಓವರು ಆಡಬಹುದೆಂದು ಹುಡುಗರು ಅವನನ್ನು ಕೇಳಿಕೊಂಡೇ ಟಾಸ್ ಹಾಕುತ್ತಿದ್ದರು. ಯಾವ ಬೋಟು ಎಲ್ಲಿದೆಯೆಂದು ಪ್ರತಿಯೊಬ್ಬರ ಫೋನಿನಲ್ಲೂ ಹಳದಿ ಚುಕ್ಕಿಯಾಗಿ ಕಾಣುತ್ತಿತ್ತು. ಮನೆಯವರಿಗೆ ಧೈರ್ಯವಿರಲಿ ಎಂದು ಆ ಏರ್ಪಾಡು. ಏಳು ವರ್ಷದಲ್ಲಿ ಕಡಲು ಒಬ್ಬನನ್ನೂ ಒಯ್ದಿರಲಿಲ್ಲ. ಇಂಥ ಅಜ್ಜಯ್ಯನ ಮೇಲೆ ಅನುಮಾನ ಪಟ್ಟವಳು ಇಡೀ ಊರಿಗೆ ಒಬ್ಬಳೇ, ಅವಳೂ ಕಡಲನ್ನೇ ಕಾಣದ ಯಲಬುರ್ಗಾ ಕಡೆಯವಳು.

ನೀಲಗಂಗಾ ಹೂಗಾರ ಕೇಂದ್ರಕ್ಕೆ ಬಂದು ಎರಡು ವರ್ಷವಾಗಿತ್ತು. ಈಜು ಬಾರದು, ಬೋಟು ಹತ್ತಿದರೆ ವಾಂತಿ. ಮೀನು ತಿನ್ನುವುದನ್ನು ಮಾತ್ರ ಬೇಗ ಕಲಿತಿದ್ದಳು. ಅವಳ ತಲೆಯೊಳಗೆ ಎಂಟು ತಿಂಗಳಿನಿಂದ ಒಂದು ಅರ್ಧ ಮಿಲಿಬಾರು ಹಲ್ಲಿನ ಸಂದಿಯ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಕೆಲವು ಡಬ್ಬಿಗಳು ಕಡಲಿನಲ್ಲಿದ್ದಾಗ ಅಕ್ಕಪಕ್ಕದ ಡಬ್ಬಿಗಳಿಗಿಂತ ಅರ್ಧ ಮಿಲಿಬಾರಿನಷ್ಟು ಹೆಚ್ಚು ಒತ್ತಡ ತೋರಿಸುತ್ತಿದ್ದವು. ಬಂದರಿಗೆ ಬಂದರೆ ಸರಿಯಾಗುತ್ತಿದ್ದವು. ಮತ್ತೆ ಕಡಲಿಗೆ ಹೋದರೆ ಮತ್ತೆ ಹೆಚ್ಚು. ಬಿಚ್ಚಿ ನೋಡಿದರೆ ಡಬ್ಬಿಯಲ್ಲಿ ಯಾವ ದೋಷವೂ ಇಲ್ಲ.

“ಅರ್ಧ ಮಿಲಿಬಾರಿಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ನೀವೊಬ್ಬರೇ ಮಾರಾಯ್ರೆ,” ಎಂದು ಕೇಂದ್ರದ ಮುಖ್ಯಸ್ಥ ಡೆನ್ಜಿಲ್ ಲೋಬೋ ನಗುತ್ತಿದ್ದರು. “ಅಜ್ಜಯ್ಯ ಹೇಳಿದ್ದು ಒಂದಾದರೂ ತಪ್ಪಿದ್ದುಂಟಾ? ಮತ್ತೆಂಥದು?”

ಅವಳಿಗೆ ಅದೇ ಕುತೂಹಲ. ಅಂಕಿ ತಪ್ಪಿದ್ದರೂ ಉತ್ತರ ಹೇಗೆ ಸರಿ ಬರುತ್ತದೆ?

ನವೆಂಬರಿನ ಆ ಗುರುವಾರ ಬೆಳಿಗ್ಗೆ ಅರಬ್ಬಿ ಕಡಲಿನಲ್ಲಿ, ದಡದಿಂದ ನೂರ ಎಂಬತ್ತು ಕಿಲೋಮೀಟರು ಆಚೆ, ಚಂಡಮಾರುತವೊಂದು ತಿರುಗುತ್ತಿತ್ತು. ಊರಿನಲ್ಲಿ ಯಾರಿಗೂ ಗಾಬರಿಯಿರಲಿಲ್ಲ. ರಾತ್ರಿ ಅದು ಉತ್ತರಕ್ಕೆ ನೂರ ಇಪ್ಪತ್ತು ಕಿಲೋಮೀಟರಿನಲ್ಲಿ ದಡಕ್ಕೆ ಹೊಡೆಯುತ್ತದೆ, ಮುಳ್ಳುಕೋಡಿಗೆ ನಾಲ್ಕು ಹನಿ ಮಳೆ ಅಷ್ಟೇ ಎಂದು ಅಜ್ಜಯ್ಯ ಹೇಳಿಯಾಗಿತ್ತು. ಬೋಟುಗಳು ಸಂಜೆ ನಾಲ್ಕರವರೆಗೆ ನಿಶ್ಚಿಂತೆಯಿಂದ ಬಲೆ ಬಿಡಬಹುದಿತ್ತು. ಉತ್ತರದ ಹಳ್ಳಿಗಳಿಂದ ನಾನೂರು ಜನರನ್ನು ತಂದು ಮುಳ್ಳುಕೋಡಿಯ ಶಾಲೆಯಲ್ಲೇ ಇಳಿಸಿದ್ದರು. ಅವರಿಗೆ ಅನ್ನ ಬೇಯಿಸುವ ಉಸ್ತುವಾರಿ ಸುಗಂಧಿಯದು.

ಸುಗಂಧಿ ಎಂದರೆ ನೀಲಗಂಗಾ ಬಾಡಿಗೆಗಿದ್ದ ಮನೆಯೊಡತಿ. ಬಂದರಿನಲ್ಲಿ ಮೀನು ಕೊಂಡು ಬುಟ್ಟಿ ಹೊತ್ತು ಊರೂರು ಮಾರುವವಳು. ಅವಳ ದನಿಗೆ ವೈರ್‌ಲೆಸ್ಸೇ ಬೇಡ ಎಂದು ಗಂಡ ದಿನಕರ ಹೇಳುತ್ತಿದ್ದ. ದಿನಕರ ‘ಸಮುದ್ರಲಕ್ಷ್ಮಿ’ ಬೋಟಿನ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ಬೋಟು ನಡೆಸುವವನು.

ನೀಲಗಂಗಾ ಎಂದಿನಂತೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಕಡುಬು ತಿನ್ನುತ್ತ, ಇನ್ನೊಂದು ಕೈಯಲ್ಲಿ ಫೋನಿನ ಭೂಪಟ ನೋಡುತ್ತಿದ್ದಳು. ಹೆಚ್ಚು ಒತ್ತಡ ತೋರಿಸುವ ಡಬ್ಬಿಗಳಿಗೆ ಕೆಂಪು ಗುರುತು ಹಾಕಿಟ್ಟುಕೊಂಡಿದ್ದಳು. ಐವತ್ತೈದು ಕಿಲೋಮೀಟರು ಆಚೆ, ಬಿಳಿಮಣ್ಣು ಎಂಬ ಜಾಗದಲ್ಲಿ, ಎಲ್ಲಕ್ಕಿಂತ ಮುಂದೆ, ಚಂಡಮಾರುತಕ್ಕೆ ಎಲ್ಲಕ್ಕಿಂತ ಹತ್ತಿರ ಒಂದು ಕೆಂಪು ಚುಕ್ಕಿ ಮಿನುಗುತ್ತಿತ್ತು. ಮುಟ್ಟಿ ನೋಡಿದಳು. ಸಮುದ್ರಲಕ್ಷ್ಮಿ.

“ಹ್ವಾಯ್, ಇನ್ನೊಂದ್ ಕಡುಬ್ ಹಾಕ್ಲಾ?” ಎಂದು ಸುಗಂಧಿ ಒಳಗಿನಿಂದ ಕೂಗಿದಳು.

“ಹಾಕ್, ಹಾಕ್,” ಎಂದ ದಿನಕರ. ಅವನು ನೀಲಗಂಗಾಳ ಎದುರಿಗೇ ಚಾಪೆಯ ಮೇಲೆ ಕೂತು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಿದ್ದ.

ನೀಲಗಂಗಾ ಅವನನ್ನು ನೋಡಿದಳು. ಫೋನು ನೋಡಿದಳು. ಮತ್ತೆ ಅವನನ್ನು ನೋಡಿದಳು.

“ದಿನಕರಣ್ಣಾರ, ನಿಮ್ಮ ಬೋಟು ಎಲ್ಲೈತ್ರಿ?”

“ಬಂದರದಲ್ಲಿ. ನಿನ್ನೆ ಸಂಜೆ ಬೋಟಿನಡಿ ಫ್ಯಾನಿಗೆ ಬಲೆ ಸುತ್ಕಂಡ್ತ್. ಎಳೆಸ್ಕಂಡ್ ಬಂದೆ.”

“ಮತ್ತ ನಿಮ್ಮ ಡಬ್ಬಿ ಬಿಳಿಮಣ್ಣಿನ್ಯಾಗ ಏನ್ ಮಾಡ್ಲಿಕ್ಕತ್ತೈತಿ?”

ದಿನಕರನ ಕೈಯಲ್ಲಿನ ಬಂಗುಡೆ ತಟ್ಟೆಗೆ ಬಿತ್ತು. “ಡಬ್ಬಿ ಹಾಳಾಯ್ತ್ ಕಾಣತ್ತ್ ಮೇಡಮ್,” ಎಂದು ಅವನು ಎದ್ದು ಕೈ ತೊಳೆಯಲು ಹೋದ. ಅರ್ಧ ಬಂಗುಡೆ ಬಿಟ್ಟು ಎದ್ದ ಗಂಡನನ್ನು ಸುಗಂಧಿ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನೋಡಿರಲಿಲ್ಲ. ಸೌಟು ಹಿಡಿದೇ ಹೊರಗೆ ಬಂದಳು.

ನೀಲಗಂಗಾ ಚಪ್ಪಲಿ ಸಿಕ್ಕಿಸಿಕೊಂಡು ಬಂದರಿಗೆ ಓಡಿದಳು. ಸಮುದ್ರಲಕ್ಷ್ಮಿ ದಕ್ಕೆಗೆ ಕಟ್ಟಿಕೊಂಡು ನಿಂತಿತ್ತು. ಕಂಬದ ತುದಿಯಲ್ಲಿ ಡಬ್ಬಿ ಇರಬೇಕಾದ ಕಡೆ ಬರಿಯ ಕೊಂಡಿಯಿತ್ತು. ಆ ಕೊಂಡಿಯ ತಿರುಪು ತುಕ್ಕು ಹಿಡಿದಿರಲಿಲ್ಲ. ದಿನವೂ ಬಿಚ್ಚಿ ಹಾಕಿ ಮಾಡಿದ್ದಕ್ಕೆ ತಿಕ್ಕಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಅವಳು ಕೊಂಡಿಯಿಂದ ನೀರಿನವರೆಗೆ ಕಣ್ಣಿನಲ್ಲೇ ಅಳೆದಳು. ಹೆಚ್ಚುಕಡಿಮೆ ಐದು ಮೀಟರು.

ಅಲ್ಲಿಗೆ ಎಂಟು ತಿಂಗಳ ಮುಳ್ಳು ಕಿತ್ತು ಬಂತು. ಮೇಲೆ ಹೋದಂತೆ ಗಾಳಿಯ ಭಾರ ಇಳಿಯುತ್ತದೆ; ಐದು ಮೀಟರಿಗೆ ಅರ್ಧ ಮಿಲಿಬಾರಿಗಿಂತ ಚೂರು ಜಾಸ್ತಿ. ಡಬ್ಬಿ ಕಂಬದ ಮೇಲಿದೆಯೆಂದು ನಂಬಿದ ಅಜ್ಜಯ್ಯ ನೀರಿನ ಮಟ್ಟದ ಒತ್ತಡ ತಿಳಿಯಲು ಪ್ರತಿ ಡಬ್ಬಿಯ ಅಂಕಿಗೂ ಅಷ್ಟನ್ನು ಕೂಡಿಸುತ್ತಿದ್ದ. ಡಬ್ಬಿ ನೀರಿನ ಮೇಲೆಯೇ ತೇಲುತ್ತಿದ್ದರೆ? ಆಗಲೂ ಕೂಡಿಸುತ್ತಿದ್ದ, ಪಾಪ. ಇಲ್ಲದ ಭಾರವನ್ನು ಕಡಲಿನ ಮೇಲೆ ಹೇರುತ್ತಿದ್ದ.

ದಿನಕರ ಹಿಂದೆಯೇ ಬಂದು ನಿಂತಿದ್ದ. ಅವನ ಹಿಂದೆ ಸೌಟು ಸಮೇತ ಸುಗಂಧಿ.

“ಥರ್ಮಾಕೋಲಿಗೆ ಕಟ್ಟಿ ಬಿಡ್ತೀರೇನ್ರಿ?” ಎಂದಳು ನೀಲಗಂಗಾ.

ದಿನಕರ ತಲೆ ತಗ್ಗಿಸಿದ. “ಮತ್ತೆಂತ ಮಾಡುದ್ ಮೇಡಮ್? ನಾನ್ ಎಲ್ಲಿ ಬಲೆ ಬಿಡ್ತೆ ಅಂದ್ ಊರಿಗೆಲ್ಲ ಫೋನಲ್ಲಿ ಕಾಂತತ್ತ್. ನನ್ ಅಪ್ಪಯ್ಯ ತೋರ್ಸಿಕೊಟ್ಟ ಪಾರೆ ಅದ್, ನೀರಿನಡಿ ಮೀನ್ ಸೇರು ಕಲ್ಲ್. ಸಾಯು ಮುಂಚೆ ಕಿವಿಯಲ್ಲಿ ಹೇಳಿದ್ದ್. ಒಬ್ರಿಗೂ ಹೇಳೂದಿಲ್ಲ ಅಂದ್ ಅವ್ರ ಕೈ ಮುಟ್ಟಿ ಮಾತ್ ಕೊಟ್ಟಿದ್ದೆ. ಅದ್ಕೇ ಡಬ್ಬಿಯನ್ನ ಬಿಳಿಮಣ್ಣಲ್ಲಿ ಕಲ್ಲು ಕಟ್ಟಿ ತೇಲ್ಸಿ ಬಿಟ್ಟು, ನಾನ್ ಪಾರೆಗೆ ಹೋತೆ. ಬಪ್ಪತಿಗೆ ಎತ್ಕಂಬುದ್. ನಿನ್ನೆ ಎತ್ತುಕಾಯ್ಲಿಲ್ಲ.” ಆಮೇಲೆ, ಮಗುವಿನಂತೆ: “ಮಾಡುದ್ ನಾನೊಬ್ನೇ ಮೇಡಮ್. ಬೇರೆಯವ್ರ ಡಬ್ಬಿ ಎಲ್ಲ ಸಮಾ ಇತ್ತ್.”

ನೀಲಗಂಗಾ ಫೋನು ತಿರುಗಿಸಿ ಅವನ ಮುಂದೆ ಹಿಡಿದಳು. ಕಡಲಿನ ತುಂಬ ಕೆಂಪು ಚುಕ್ಕಿಗಳಿದ್ದವು.

ಮೀನುಗಾರನಿಗೆ ಬಲೆ ಬಿಡುವ ಜಾಗವನ್ನು ಮುಚ್ಚಿಡುವುದು ಉಸಿರಾಡಿದಷ್ಟು ಸಹಜ. ಆ ಜಾಗ ಹೆಂಡತಿಗೆ ಗೊತ್ತಿರುವುದೂ ಕಡಿಮೆ. ಇದನ್ನು ಕೇಂದ್ರದ ಪದವೀಧರರು ಯಾರೂ ಯೋಚಿಸಿರಲಿಲ್ಲ. ಇತ್ತ ಪ್ರತಿಯೊಬ್ಬ ತಾಂಡೇಲನೂ ಈ ಉಪಾಯ ಹೊಳೆದದ್ದು ತನಗೊಬ್ಬನಿಗೇ ಎಂದುಕೊಂಡು ಒಳಗೊಳಗೇ ಮೀಸೆ ತಿರುವುತ್ತಿದ್ದ. ಒಬ್ಬ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ದಿನದಿನದ ಗಾಳಿಮಳೆಗೆ ಎಲ್ಲರೂ ಮಾಡಿದರೂ ಏನೂ ಆಗುತ್ತಿರಲಿಲ್ಲ. ಅರ್ಧ ಮಿಲಿಬಾರಿನ ಸುಳ್ಳನ್ನು ತಡೆದುಕೊಳ್ಳುವಷ್ಟು ಅಜ್ಜಯ್ಯ ಗಟ್ಟಿಗನಾಗಿದ್ದ. ಚಂಡಮಾರುತದ ಮಾತು ಬೇರೆ.

ಸಂಕ ದಾಟಿ, ಗುಡ್ಡ ಹತ್ತಿ ಕೇಂದ್ರಕ್ಕೆ ಬಂದಾಗ ಗಂಟೆ ಎಂಟೂವರೆ. ತಾಂಡೇಲರ ಜೊತೆ ಮಾತಾಡಬೇಕಾಗಬಹುದೆಂದು ಗಂಡಹೆಂಡಿರಿಬ್ಬರನ್ನೂ ಕರೆತಂದಿದ್ದಳು. ಲೋಬೋ ದೊಡ್ಡ ಪರದೆಯ ಮುಂದೆ ಚಹಾ ಕುಡಿಯುತ್ತಿದ್ದರು. ಪರದೆಯ ಮೇಲೆ ಚಂಡಮಾರುತಕ್ಕೂ ದಡಕ್ಕೂ ನಡುವೆ ತಿಳಿ ನೀಲಿಯ ಒಂದು ದಿಬ್ಬ ಕಾಣುತ್ತಿತ್ತು: ಭಾರದ ಗಾಳಿಯ ದಿಬ್ಬ. ಚಂಡಮಾರುತ ದಿಬ್ಬ ಹತ್ತುವುದಿಲ್ಲ, ಸುತ್ತಿ ಬಳಸಿ ಹೋಗುತ್ತದೆ. ಅದಕ್ಕೇ ಅಜ್ಜಯ್ಯ ಅದನ್ನು ಉತ್ತರಕ್ಕೆ ಕಳಿಸಿದ್ದು.

“ಸರ್, ಆ ದಿಬ್ಬ ಇಲ್ಲವೇ ಇಲ್ಲ,” ಎಂದಳು ನೀಲಗಂಗಾ. “ಅದು ಥರ್ಮಾಕೋಲಿನ ದಿಬ್ಬ ರೀ.”

ವಿಷಯ ಕೇಳುತ್ತ ಕೇಳುತ್ತ ಲೋಬೋ ಚಹಾದ ಲೋಟವನ್ನು ಕೀಲಿಮಣೆಯ ಮೇಲೇ ಇಟ್ಟರು. ಅವರು ದಡ್ಡರಲ್ಲ, ಹೆದರುಪುಕ್ಕಲರೂ ಅಲ್ಲ. ಆದರೆ ಹದಿನೈದು ವರ್ಷದ ಸರ್ವಿಸಿನಲ್ಲಿ ಕಲಿತದ್ದನ್ನು ಬಿಡುವವರಲ್ಲ. “ಕೆಂಪು ಗುರುತಿನವಕ್ಕೆಲ್ಲ ಅರ್ಧ ಕಳೆದು ಲೆಕ್ಕ ಹಾಕುವ ಅಂತೀರಾ? ಆಗ್ಲಿಕ್ಕಿಲ್ಲ. ನಿಮ್ಮ ಕೆಂಪು ಗುರುತು ಅಂದಾಜಿನದ್ದು. ಅದರಲ್ಲಿ ಕೆಲವು ನಿಜವಾಗಿಯೂ ಕಂಬದ ಮೇಲೇ ಇದ್ದರೆ? ಇಲ್ಲದ ದಿಬ್ಬ ತೆಗೆಯಲಿಕ್ಕೆ ಹೋಗಿ ಇಲ್ಲದ ಗುಂಡಿ ತೋಡಿದ ಹಾಗೆ ಆಗ್ತದೆ. ಆಗ ಚಂಡಮಾರುತ ಕೇರಳಕ್ಕೆ ಹೋಗ್ತದೆ ಅಂತಲೂ ಹೇಳೀತು. ಯಾವ ಡಬ್ಬಿ ತೇಲ್ತಾ ಉಂಟು, ಯಾವುದು ಕಂಬದಲ್ಲಿ ಉಂಟು, ಒಂದೊಂದೇ ಗೊತ್ತಾಗಬೇಕು.”

“ಅಂದಾಜಿನಾಗ ಒಂದ್ ಸಲ ಓಡಿಸಿ ನೋಡೂಣಲ್ರಿ?”

ಓಡಿಸಿದರು. ನಾಲ್ಕು ನಿಮಿಷ ಹಿಡಿಯಿತು. ನೀಲಿ ದಿಬ್ಬ ಕರಗಿತು. ಚಂಡಮಾರುತದ ದಾರಿ ಒಮ್ಮೆ ನಡುಗಿ, ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿತು. ಒಂದು ಕಡ್ಡಿ ಉತ್ತರಕ್ಕೇ ಇತ್ತು, ಒಂದು ದಕ್ಷಿಣಕ್ಕೆ. ನಡುವಿನ ದಪ್ಪ ಕಡ್ಡಿಗಳೆಲ್ಲ ಮುಳ್ಳುಕೋಡಿಯ ಮೇಲೆ ಕೂತಿದ್ದವು. ಹೊತ್ತು: ಸಂಜೆ ಐದು.

ಸುಗಂಧಿ ಪರದೆಯ ಹತ್ತಿರ ಹೋದಳು. ಅವಳ ಊರು ಅಲ್ಲಿ ಉಗುರಿನ ಚೂರಿನಷ್ಟಿತ್ತು. “ಶಾಲೆಯಲ್ಲಿ ನಾನೂರ್ ಜನ ಇದ್ರ್,” ಎಂದಳು. “ಮಕ್ಳ್‌ಮರಿ ಎಲ್ಲ. ಇಲ್ಲಿ ಸೇಫ್ ಅಂದ್ ಕರ್ಕಂಡ್ ಬಂದದ್ದ್.”

ಒಟ್ಟು ಸಾವಿರದ ಮುನ್ನೂರು ಜನ. ಒಂದು ಕಾಲುಸಂಕ, ಒಂದು ಬಾರ್ಜು. ಎಲ್ಲರೂ ದಾಟಲು ಕಮ್ಮಿಯೆಂದರೂ ಆರು ಗಂಟೆ ಬೇಕು ಎಂದು ನೀಲಗಂಗಾ ಲೆಕ್ಕ ಹಾಕಿದಳು. ಹತ್ತು ಗಂಟೆಯೊಳಗೆ ಹೊರಡದಿದ್ದರೆ ದಾಟಿ ಮುಗಿಯುವುದಿಲ್ಲ. ಬೀಸಣಿಗೆಯಂಥ ಮುನ್ಸೂಚನೆ ಹಿಡಿದುಕೊಂಡು ಹೋದರೆ ಜನ ಏಳುವುದಿಲ್ಲ. ನಿಮಿಷದ ಲೆಕ್ಕಕ್ಕೆ ಒಗ್ಗಿಹೋದ ಜನ ಅವರು. “ಬರಬಹುದು” ಎಂಬ ಮಾತು ಕೇಳಿ ಅವರಿಗೆ ಏಳು ವರ್ಷವಾಗಿತ್ತು.

ಲೋಬೋ ವೈರ್‌ಲೆಸ್ ಹಿಡಿದರು. ಆಗ ಕಡಲಿನಲ್ಲಿ ನೂರ ಮೂವತ್ತೊಂದು ಬೋಟುಗಳಿದ್ದವು. ಅವಕ್ಕೆಲ್ಲ ಇದ್ದದ್ದು ಒಂದೇ ಚಾನಲ್ಲು; ಒಬ್ಬ ಕೆಮ್ಮಿದರೂ ಎಲ್ಲರಿಗೂ, ಮನೆಗಳ ರೇಡಿಯೋದಲ್ಲಿ ಹೆಂಗಸರಿಗೂ, ಕೇಳುತ್ತಿತ್ತು. ಎಲ್ಲರೂ ಬಲೆ ಎಳೆದುಕೊಂಡು ಕೂಡಲೇ ಹೊರಡಿ ಎಂದು ಮೊದಲು ಹೇಳಿದರು. ಆಮೇಲೆ ಕೇಳಿದರು: “ಯಾರ ಡಬ್ಬಿ ಕಂಬದಲ್ಲಿ ಇಲ್ಲ, ಹೇಳಿ. ಯಾರ ಮೇಲೂ ಕ್ರಮ ಇಲ್ಲ.”

ವೈರ್‌ಲೆಸ್ ಗರಗರ ಅಂದಿತು. “ನಮ್ದ್ ಕಂಬದಲ್ಲೇ ಇತ್ತ್ ಸರ್,” ಎಂದಿತು ಒಂದು ದನಿ. “ನಮ್ದೂ.” “ನಮ್ದೂ ಅಲ್ಲೇ ಇತ್ತ್.” ಹೀಗೆ ಹತ್ತು ಹನ್ನೆರಡು ದನಿ. ಇಲ್ಲ ಎಂದವನೊಬ್ಬನೂ ಇಲ್ಲ. ಯಾಕೆ ಹೇಳಿಯಾರು? ಡಬ್ಬಿ ಬೇರೆ ಕಡೆ ಇದೆ ಎಂದರೆ, ಹಾಗಾದರೆ ನೀನೆಲ್ಲಿದ್ದೀ ಎಂಬ ಪ್ರಶ್ನೆ ನೂರ ಮೂವತ್ತು ಬಾಯಿಂದ ಬರುತ್ತದೆ. ಇಷ್ಟು ವರ್ಷ ಎಲ್ಲಿದ್ದೆ ಎಂಬುದೂ ಬರುತ್ತದೆ.

ನೀಲಗಂಗಾಳಿಗೆ ಸಿಟ್ಟು ನೆತ್ತಿಗೇರಿತು. ಇವರೇನು ಮನುಷ್ಯರೋ, ಮರದ ಕೊರಡೋ ಅನ್ನಿಸಿತು. ಗಡಿಯಾರ ಒಂಬತ್ತು ಹತ್ತು ತೋರಿಸುತ್ತಿತ್ತು.

ಸುಗಂಧಿ ಗಂಡನ ಕಡೆ ತಿರುಗಿದಳು. ಕೂಗಲಿಲ್ಲ. ಆ ಹೆಂಗಸು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನೀಲಗಂಗಾ ಅಂದೇ ಮೊದಲು ಕೇಳಿದ್ದು.

“ಹ್ವಾಯ್. ನೀವ್ ಹೇಳಿ.”

“ಎಂತ ಹೇಳುದ್?”

“ಪಾರೆ ಎಲ್ಲಿತ್ತ್ ಅಂದ್ ಹೇಳಿ. ಡಬ್ಬಿ ತೇಲ್ಸಿದ್ದೆ ಅಂತ ಮಾತ್ರ ಹೇಳಿರೆ ಯಾರೂ ಬಾಯ್ ಬಿಡೂದಿಲ್ಲ. ನಿಮ್ ಜಾಗ ಬಿಟ್ಕೊಟ್ರೆ ಅವ್ರಿಗೂ ನಾಚ್ಕಿ ಆತ್ತ್.”

ದಿನಕರ ಗೋಡೆಗೆ ಒರಗಿದ. “ಅಪ್ಪಯ್ಯನ ಕೈ ಮುಟ್ಟಿ ಹೇಳಿದ್ದೆ, ಸುಗಂಧಿ.”

“ಗೊತ್ತಿತ್ತ್. ಇಪ್ಪತ್ತೆಂಟ್ ವರ್ಷ ನಾನೂ ಕೇಳ್ಲಿಲ್ಲ. ಇವತ್ತ್ ಕೇಳ್ತಿದ್ದೆ.”

ನೀಲಗಂಗಾ ನೆಲ ನೋಡುತ್ತ ನಿಂತಳು. ಗಂಡಹೆಂಡಿರ ನಡುವೆ ನಿಲ್ಲಬಾರದಿತ್ತು ಅನ್ನಿಸಿತು, ಹೋಗಲು ಜಾಗವಿರಲಿಲ್ಲ. ದಿನಕರನ ಕಣ್ಣು ಒದ್ದೆಯಾಗಿತ್ತು. ಅವನು ಬಂದು ಲೋಬೋ ಅವರ ಕೈಯಿಂದ ವೈರ್‌ಲೆಸ್ ತೆಗೆದುಕೊಂಡ.

“ನಾನ್ ಸಮುದ್ರಲಕ್ಷ್ಮಿಯ ದಿನಕರ,” ಎಂದ. “ಎಲ್ರೂ ಕೇಣಿ. ನನ್ ಡಬ್ಬಿ ಬಿಳಿಮಣ್ಣಲ್ಲಿ ಥರ್ಮಾಕೋಲಿನ ಮೇಲೆ ತೇಲ್ತಾ ಇತ್ತ್. ನಾನ್ ಬಲೆ ಬಿಡುದ್ ಅಲ್ಲಿ ಅಲ್ಲ.” ವೈರ್‌ಲೆಸ್ಸನ್ನು ಕೈ ಬದಲಿಸಿ ಹಿಡಿದ. “ಆನೆಬೆನ್ನಿನ ಗುಡ್ಡದ ಎರಡ್ನೇ ತಗ್ಗಿಗೆ ದೀಪದ ಕಂಬ ಸಮ ಹಿಡ್ಕಂಡ್ ಪಶ್ಚಿಮಕ್ಕೆ ಹೋಯ್ಕ್. ಮೂವತ್ತೊಂದ್ ಮಾರ್ ಆಳ ಬಪ್ಪಲ್ಲಿ ತಳದಲ್ಲಿ ಕಲ್ಲ್ ಸಿಕ್ಕತ್ತ್. ಅದೇ. ನನ್ ಅಪ್ಪಯ್ಯನ ಪಾರೆ. ಈಗ ನಿಮ್ಗೂ ಗೊತ್ತಾಯ್ತ್. ನಾನ್ ಅಜ್ಜಯ್ಯನಿಗೆ ಸುಳ್ ಹೇಳ್ದೆ, ಅವ್ರ್ ನಿಮ್ಗೆ ಸುಳ್ ಹೇಳಿರ್. ತಪ್ಪ್ ಅವ್ರದ್ದಲ್ಲ. ಕೋಡಿಗೆ ಸಂಜೆ ಐದಕ್ಕೆ ಗಾಳಿ ಬತ್ತತ್ತ್. ನಿಮ್ಮೆಲ್ರ ಮನೆ ಅಲ್ಲೇ ಇತ್ತ್.”

ವೈರ್‌ಲೆಸ್ ಗರಗರ ಅಂದಿತು. ಆಮೇಲೆ ಒಂದು ದನಿ ಬಂತು, ಮುದುಕನದು: “ದಿನಕರಾ, ನಂದೂ ತೇಲ್ತಾ ಇತ್ತ್ ಮಾರಾಯ.” ಹಿಂದೆಯೇ ಇನ್ನೊಂದು. ಮತ್ತೊಂದು. ನೀಲಗಂಗಾ ಹೆಸರು ಬರೆದುಕೊಳ್ಳುತ್ತಲೇ ಇದ್ದಳು. ಹತ್ತು, ಹದಿನೆಂಟು, ಇಪ್ಪತ್ತೊಂಬತ್ತು. ಒಬ್ಬನು ಹೇಳಿದಾಗ ಇನ್ನೊಬ್ಬನು ನಡುವೆ ಬಾಯಿ ಹಾಕಿ, “ಅಯ್ಯೋ, ನೀನೂವಾ?” ಎಂದು ನಕ್ಕದ್ದೂ ಕೇಳಿತು. ಆ ಹೊತ್ತಿನಲ್ಲೂ ನಗು ಬಂತು ಜನಕ್ಕೆ.

ಕೆಂಪು ಗುರುತಿನ ಮೂವರ ಡಬ್ಬಿ ಕಂಬದಲ್ಲೇ ಇರುವುದನ್ನು ಪಕ್ಕದ ಬೋಟಿನವರು ಕಂಡು ಹೇಳಿದರು. ಇನ್ನು ಉಳಿದದ್ದು ‘ಮತ್ಸ್ಯಗಂಧಿ’ ಒಂದು. ಅದರ ತಾಂಡೇಲ ಪುಂಡಲೀಕ, “ನಮ್ದ್ ಕಂಬದಲ್ಲೇ ಇತ್ತ್, ಸತ್ಯವಾಗಿ,” ಎಂದ. ಸುಗಂಧಿ ಗಂಡನ ಕೈಯಿಂದ ವೈರ್‌ಲೆಸ್ ಕಿತ್ತುಕೊಂಡಳು.

“ಪುಂಡ್ಲೀಕಣ್ಣ, ಮೊನ್ನೆ ನಿಮ್ ಬೋಟಿನ ಮುರು ಮೀನ್ ಹೊತ್ಕಂಡ್ ಹೋದ್ದ್ ನಾನೇ. ಫೋನಲ್ಲಿ ನೀವ್ ಕೆಸರಿನ ಮೇಲಿದ್ರಿ. ಮುರು ಮೀನ್ ಕಲ್ಲಿನ ಸಂದಿ ಬಿಟ್ಟ್ ಕೆಸರಿಗೆ ಬತ್ತತ್ತಾ? ಕಿ‌ವಿರಲ್ಲಿ ಒಂದ್ ಚೂರ್ ಕೆಸರಿರ್ಲಿಲ್ಲ. ಮತ್ತೆ ಸತ್ಯ ಅಂದ್ರಿ?”

ಗರಗರ. “ತೇಲ್ತಾ ಇತ್ತ್, ಅಕ್ಕಾ,” ಎಂದ ಪುಂಡಲೀಕ.

ಮೂವತ್ತೇಳು ಡಬ್ಬಿಗಳು. ಅವುಗಳಲ್ಲಿ ಆರು, ನೀಲಗಂಗಾ ಗುರುತೇ ಹಾಕದಿದ್ದವು. ಅವಳು ಗುರುತು ಹಾಕಿದ್ದರಲ್ಲಿ ಮೂರು ನಿಜವಾಗಿ ಕಂಬದ ಮೇಲಿದ್ದವು. ಲೋಬೋ ಹೇಳಿದ್ದು ಸರಿಯೇ ಇತ್ತು, ಅಂದಾಜು ಅಂದಾಜೇ. ತಿದ್ದಿದ ಅಂಕಿಗಳನ್ನು ಕೊಟ್ಟಾಗ ಅಜ್ಜಯ್ಯ ಮತ್ತೆ ನಾಲ್ಕು ನಿಮಿಷ ಲೆಕ್ಕ ಹಾಕಿದ. ಬೀಸಣಿಗೆ ಮುಚ್ಚಿಕೊಂಡು ಒಂದೇ ಗೆರೆಯಾಯಿತು.

“ಸಂಜೆ ನಾಲ್ಕು ಐವತ್ತಕ್ಕೆ ಮುಳ್ಳುಕೋಡಿ,” ಎಂದ, ಎಂದಿನ ಮುದಿ ದನಿಯಲ್ಲಿ.

ಲೋಬೋ ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. “ಸೈರನ್ ಒತ್ತಿ,” ಎಂದರು. ಗಂಟೆ ಒಂಬತ್ತು ನಲವತ್ತು.

ಜನ ಎದ್ದದ್ದು ಸೈರನ್ನಿಗಲ್ಲ. ದಿನಕರ ಪಾರೆಯ ಗುರುತು ಹೇಳಿದ್ದನ್ನು ಮನೆಮನೆಯ ರೇಡಿಯೋದಲ್ಲಿ ಹೆಂಗಸರು ಕೇಳಿದ್ದರು. ತಾಂಡೇಲನೊಬ್ಬ ಅಪ್ಪನ ಪಾರೆಯನ್ನು ಬಾಯಿಬಿಟ್ಟನೆಂದರೆ ಬರುವುದು ಸಾಮಾನ್ಯದ ಗಾಳಿಯಲ್ಲ ಎಂದು ಅವರಿಗೆ ಯಾವ ಯಂತ್ರವೂ ಹೇಳಬೇಕಾಗಿರಲಿಲ್ಲ. ನೀಲಗಂಗಾ ಸಂಕದ ಬುಡ ಮುಟ್ಟುವ ಮೊದಲೇ ಸಾಲು ಕಟ್ಟಿತ್ತು. ಉತ್ತರದ ನಾನೂರು ಜನರನ್ನು ಮೊದಲು ಕಳಿಸಿದರು. ನಂಬಿ ಬಂದವರು ಮೊದಲು ದಾಟಲಿ ಎಂದು ಸುಗಂಧಿ ಸಂಕದ ಬಾಯಲ್ಲಿ ಕಾಲು ಅಗಲಿಸಿ ನಿಂತಿದ್ದಳು. ಬೇಯಿಸಿದ ಅನ್ನದ ಹಂಡೆಗಳೂ ಬಾರ್ಜಿನಲ್ಲಿ ದಾಟಿದವು. ಕಡೆಯವರು ದಾಟಿದಾಗ ಗಂಟೆ ನಾಲ್ಕು ಇಪ್ಪತ್ತು. ಅಷ್ಟರಲ್ಲಿ ಸಂಕದ ಹಲಗೆಗಳು ಕಾಲಡಿಯಲ್ಲಿ ಕುಣಿಯುತ್ತಿದ್ದವು.

ಬೋಟುಗಳು ಕೆಲವು ಹೊಳೆಯೊಳಗೆ ನುಗ್ಗಿದವು, ದೂರವಿದ್ದವು ದಕ್ಷಿಣದ ಬಂದರುಗಳಿಗೆ ಓಡಿದವು. ಎರಡು ಮುಳುಗಿದವು. ಅವುಗಳ ಜನರನ್ನು ಪುಂಡಲೀಕ ಎತ್ತಿಕೊಂಡು ಬಂದ.

ಕೇಂದ್ರದಲ್ಲಿ ಆ ದಿನ ನೀಲಗಂಗಾ ಮತ್ತು ಲೋಬೋ ಅಲ್ಲಿ ಯಾರೂ ಅದುವರೆಗೆ ಕಾಣದ್ದನ್ನು ಕಂಡರು. ತೇಲುವ ಡಬ್ಬಿಗಳು ಕಡಲಿನಲ್ಲೇ ಉಳಿದಿದ್ದವಲ್ಲ, ಚಂಡಮಾರುತ ಅವುಗಳ ಮೇಲೇ ಹಾದುಹೋಯಿತು. ಯಾವ ಬೋಟೂ ಇರಲಾರದ ಕಡೆ ಥರ್ಮಾಕೋಲಿನ ತುಂಡುಗಳು ಕುಲುಕುತ್ತ, ಮುಳುಗಿ ಏಳುತ್ತ, ಹತ್ತು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತಲೇ ಇದ್ದವು. ಬಿಳಿಮಣ್ಣಿನ ಡಬ್ಬಿ ಚಂಡಮಾರುತದ ಕಣ್ಣಿನೊಳಗೇ ಇಪ್ಪತ್ತು ನಿಮಿಷ ಇತ್ತು. ಅಲ್ಲಿ ಗಾಳಿಯೇ ಇರಲಿಲ್ಲ. “ಕಾಣಿ, ಕಾಣಿ,” ಎಂದು ಲೋಬೋ ಮಕ್ಕಳಂತೆ ಪರದೆಗೆ ಬೆರಳು ತಾಗಿಸಿದರು. ಹೊರಗೆ ಕಿಟಕಿಯ ಗಾಜು ಅದುರುತ್ತಿತ್ತು.

ಬೆಳಗಾದಾಗ ಮುಳ್ಳುಕೋಡಿ ಎರಡು ತುಂಡಾಗಿತ್ತು. ನಡುವೆ ಕಡಲು ಹೊಳೆಗೆ ನೇರ ದಾರಿ ಮಾಡಿಕೊಂಡಿತ್ತು. ಶಾಲೆಯಿದ್ದ ಕಡೆ ಮೂರಾಳು ನೀರು. ಸುಗಂಧಿಯ ಅಡುಗೆಮನೆ ಹೋಗಿತ್ತು, ಮುಂದಿನ ಕೋಣೆ ಉಳಿದಿತ್ತು. ಅವಳು ಆಚೆ ದಡದಿಂದ ಅದನ್ನು ನೋಡಿ ಗಟ್ಟಿಯಾಗಿ ಅತ್ತಳು. ಅತ್ತು ಮುಗಿಸಿ ಚಹಾಕ್ಕೆ ನೀರಿಡಲು ಹೋದಳು. ಸತ್ತವರು ಯಾರೂ ಇರಲಿಲ್ಲ.

ಲೋಬೋ ಬರೆದ ವರದಿಯಿಂದ ಒಂದು ಬದಲಾವಣೆಯಾಯಿತು. ಬೋಟುಗಳ ಚುಕ್ಕಿ ಇನ್ನು ಮುಂದೆ ಯಾರ ಫೋನಿನಲ್ಲೂ ಕಾಣದು. ಕೇಂದ್ರದ ಪರದೆಯಲ್ಲಿ ಮಾತ್ರ. ಯಾರ ಬೋಟು ಎಲ್ಲಿದೆಯೆಂದು ಕೇಂದ್ರದವರು ಹೊರಗೆ ಬಾಯಿಬಿಡುವಂತಿಲ್ಲ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಡಬ್ಬಿಗಳೆಲ್ಲ ಕಂಬಕ್ಕೆ ಮರಳಿದವು.

ಇಪ್ಪತ್ತು ದಿನದ ಮೇಲೆ ಮೀನುಗಾರಿಕೆ ಮತ್ತೆ ಶುರುವಾಯಿತು. ದಿನಕರನ ಬೋಟು ರಿಪೇರಿಯಲ್ಲಿತ್ತು. ರಿಪೇರಿ ಮುಗಿದ ಮೇಲೂ ಅವನು ಹೊರಡಲಿಲ್ಲ. ಬಲೆ ಹೊಲಿಯುತ್ತ ಕೂತಿರುತ್ತಿದ್ದ. ಒಂದು ದಿನ ನೀಲಗಂಗಾ ಮನೆಗೆ ಬಂದಾಗ ತಲೆಯೆತ್ತದೆ ಕೇಳಿದ.

“ಎಲ್ರೂ ಅಲ್ಲೇ ಬಿದ್ದಿರ್ಕ್ ಅಲ್ದಾ ಮೇಡಮ್? ಅಪ್ಪಯ್ಯನ ಪಾರೆಯಲ್ಲಿ. ಒಂದ್ ಮರಿ ಮೀನೂ ಉಳ್ಸಿರೂದಿಲ್ಲ.”

ಹನ್ನೊಂದು ದಿನದಿಂದ ಪರದೆಯ ಮೇಲೆ ನೀಲಗಂಗಾ ಆ ಪಾರೆಯನ್ನೇ ನೋಡುತ್ತಿದ್ದಳು. ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂದು ವಾಪಸ್ಸು ಹೋಯಿತು.

“ಹೇಳಾಕ ಬರೂದಿಲ್ರಿ ಅಣ್ಣಾರ, ನಿಮಗ ಗೊತ್ತೈತಿ,” ಎಂದಳು. “ಹೋಗಿ ನೋಡ್ರಿ. ನಾಳೆ ಹೋಗ್ರಿ. ಗಾಳಿ ಚಲೋ ಐತಿ.”

ಮರುದಿನ ಬೆಳಿಗ್ಗೆ ಅವಳು ಹೊತ್ತಿಗೆ ಮುಂಚೆಯೇ ಕೇಂದ್ರಕ್ಕೆ ಬಂದು ಕೂತಳು. ಪರದೆಯ ಮೇಲೆ ನೂರ ತೊಂಬತ್ತು ಚುಕ್ಕಿಗಳು ಕಡಲಿನ ತುಂಬ ಚೆಲ್ಲಿಕೊಂಡಿದ್ದವು. ಆನೆಬೆನ್ನಿನ ಗುಡ್ಡದಿಂದ ಪಶ್ಚಿಮಕ್ಕೆ, ಮೂವತ್ತೊಂದು ಮಾರು ಆಳದ ಆ ಕಲ್ಲಿನ ಸುತ್ತ, ಮೂರು ಕಿಲೋಮೀಟರು ಅಗಲಕ್ಕೆ ಒಂದು ಚುಕ್ಕಿಯೂ ಇರಲಿಲ್ಲ. ಹನ್ನೊಂದು ದಿನದಿಂದಲೂ ಹಾಗೆಯೇ ಇತ್ತು. ಉಳಿದವರು ಹೋಗಲಿಲ್ಲ ಎಂಬುದು ಅವರಲ್ಲಿ ಒಬ್ಬನಿಗೂ ತಿಳಿಯುವಂತಿರಲಿಲ್ಲ. ಹೋದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನಷ್ಟಕ್ಕೆ ಚುಕ್ಕಾಣಿ ತಿರುಗಿಸಿಕೊಂಡು ಅದನ್ನು ಸುತ್ತಿ ಬಳಸಿ ಹೋಗಿದ್ದ. ಅಲ್ಲೊಂದು ಡಬ್ಬಿಯಾದರೂ ಇದ್ದರೆ ಅಜ್ಜಯ್ಯನಿಗೆ ಅನುಕೂಲ ಎಂದು ಲೋಬೋ ಒಂದೆರಡು ಸಲ ಗೊಣಗಿದ್ದರು. ನೀಲಗಂಗಾ ಕೇಳಿಸದವಳಂತೆ ಇದ್ದುಬಿಟ್ಟಿದ್ದಳು.

ಎಂಟು ಗಂಟೆಗೆ ಬಂದರಿನಿಂದ ಒಂದು ಚುಕ್ಕಿ ಹೊರಟಿತು. ಮೆಲ್ಲಗೆ ಪಶ್ಚಿಮಕ್ಕೆ ಸರಿಯಿತು. ಹತ್ತೂಕಾಲಿಗೆ ಆ ಬರಿದು ಜಾಗದ ಅಂಚಿನಲ್ಲಿ ಒಂದು ಗಳಿಗೆ ನಿಂತು, ಒಳಗೆ ಹೋಯಿತು.

ವೈರ್‌ಲೆಸ್ ಗರಗರ ಅಂದಿತು. ಚಾನಲ್ಲಿನಲ್ಲಿದ್ದ ನೂರ ತೊಂಬತ್ತು ಬೋಟುಗಳವರೂ ಕೇಳುತ್ತಿದ್ದರು.

“ಮೇಡಮ್,” ಎಂದ ದಿನಕರ. “ಇಲ್ಲಿ ಯಾರೂ ಇಲ್ಲ.”